ಮುಚ್ಚೋಕೂ ಕಾನೂನು ಬೇಕಿದ್ದ ರೈಲು ಕಂಪನಿ

1/6

ಒಂದು ಪ್ರಶ್ನೆಯಿಂದ ಶುರು ಮಾಡೋಣ. ಕಂಪನಿ ಸಾಯುತ್ತಾ?

ಬಿಕಾಂ ಓದೋರು ತಕ್ಷಣ "ಇಲ್ಲ, ಪರ್ಪೆಚುಯಲ್ ಸಕ್ಸೆಷನ್" ಅಂತೀರ. ಷೇರುದಾರರು ಸತ್ತರೂ, ಡೈರೆಕ್ಟರುಗಳು ಬಿಟ್ಟುಹೋದರೂ ಕಂಪನಿ ಅನ್ನೋ ಕಾನೂನಿನ ವ್ಯಕ್ತಿ ಹಾಗೇ ಇರುತ್ತೆ. ಎರಡು ಮಾರ್ಕ್ಸಿನ ಪ್ರಶ್ನೆ, ಎರಡು ಸಾಲು ಬರೆದು ಮುಂದೆ ಹೋಗ್ತೀವಿ. ಆದರೆ ಆ ಎರಡು ಸಾಲಿನ ದಯೆಯಿಂದಲೇ ಬದುಕುಳಿದ ಒಂದು ರೈಲು ಕಂಪನಿ ಇದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ, ಉತ್ತರ ಭಾಗದ ಗುಡ್ಡಗಳ ನಡುವೆ. ಹೆಸರು ಫೆಸ್ಟಿನಿಯೋಗ್ ರೈಲ್ವೆ ಕಂಪನಿ. ಫೋಟೋದಲ್ಲಿ ಸಮುದ್ರದ ಪಕ್ಕದ ಕಟ್ಟೆ ಮೇಲೆ ಹೊಗೆ ಬಿಡುತ್ತಾ ಬರ್ತಿರೋದು ಅದರದ್ದೇ ರೈಲು.

1832ರ ಮೇ ತಿಂಗಳಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಒಂದು ಪ್ರತ್ಯೇಕ ಕಾಯ್ದೆ ಮಾಡಿ ಇದನ್ನು ಹುಟ್ಟಿಸಿತು. ನಮ್ಮ ಪಠ್ಯಪುಸ್ತಕದ ಭಾಷೆಯಲ್ಲಿ ಸ್ಟ್ಯಾಚುಟರಿ ಕಂಪನಿ, ಆರ್‌ಬಿಐ, ಎಲ್‌ಐಸಿ ಥರ. ವ್ಯತ್ಯಾಸ ಏನಂದ್ರೆ ಇಲ್ಲಿ ಸರ್ಕಾರದ ದುಡ್ಡು ಇರಲಿಲ್ಲ, ಪೂರಾ ಖಾಸಗಿ ಷೇರುದಾರರದ್ದು. ಕಾಯ್ದೆಯಿಂದ ಹುಟ್ಟಿದ್ದು ಅನ್ನೋದನ್ನ ನೆನಪಿಟ್ಕೊಳ್ಳಿ, ನಾಲ್ಕನೇ ಪೋಸ್ಟಿಗೆ ಬೇಕಾಗುತ್ತೆ.

ಹಳಿಗಳ ನಡುವಿನ ಅಂತರ ಎರಡು ಅಡಿಗೆ ಅರ್ಧ ಇಂಚು ಕಮ್ಮಿ, 597 ಮಿ.ಮೀ. ನಾವು ದಿನಾ ನೋಡೋ ಬ್ರಾಡ್ ಗೇಜ್ 1,676 ಮಿ.ಮೀ. ಅದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪವೇ ಜಾಸ್ತಿ.

2/6

ಸ್ಲೇಟು ಅಂದ ಕೂಡಲೇ ನಮಗೆ ಬಳಪ, ಅ ಆ ಇ ಈ ನೆನಪಾಗುತ್ತೆ. ಬ್ಲೈನೌ ಫೆಸ್ಟಿನಿಯೋಗ್ ಊರಿನವರಿಗೆ ಅದು ಅನ್ನ. ಪದರ ಪದರವಾಗಿ ಸೀಳೋ ಆ ಕಲ್ಲನ್ನ ಹೆಂಚಿನ ಹಾಗೆ ಮನೆ ಮಾಡಿಗೆ ಹೊದಿಸ್ತಿದ್ರು. ಇಂಗ್ಲೆಂಡಿನಲ್ಲಿ ಕಾರ್ಖಾನೆ ಊರುಗಳು ಬೆಳೀತಿದ್ದ ಕಾಲ, ಬೇಡಿಕೆಗೆ ಕೊನೆಯೇ ಇಲ್ಲ. 1842ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರ ಬೆಂಕಿಗೆ ಸಿಕ್ಕಿತು, ಅದನ್ನ ಮತ್ತೆ ಕಟ್ಟುವಾಗ ವೇಲ್ಸಿನ ಸ್ಲೇಟು ಅಲ್ಲಿಗೂ ಹೋಯ್ತು.

ಕಷ್ಟ ಇದ್ದದ್ದು ಸಾಗಾಟದಲ್ಲಿ. ಕಲ್ಲು ಇರೋದು ಬೆಟ್ಟದ ಮೇಲೆ, ಹಡಗು ನಿಲ್ಲೋದು ಕೆಳಗೆ ಪೋರ್ತ್‌ಮಡಾಗ್ ಬಂದರಿನಲ್ಲಿ. ಪ್ರಾಣಿಗಳ ಬೆನ್ನ ಮೇಲೆ, ಗಾಡಿಯಲ್ಲಿ ಹೇರಿ ನದಿವರೆಗೆ, ಅಲ್ಲಿಂದ ದೋಣಿಗೆ, ದೋಣಿಯಿಂದ ಹಡಗಿಗೆ. ಪ್ರತಿ ಸಲ ಎತ್ತಿ ಇಳಿಸಿದಾಗ ಒಂದಷ್ಟು ಒಡೆಯುತ್ತೆ, ಪ್ರತಿ ಸಲ ಕೂಲಿ ಬೇರೆ.

ಇದನ್ನ ತಪ್ಪಿಸೋಕೆ ಹೊರಟವರು ಹೆನ್ರಿ ಆರ್ಚರ್ ಅನ್ನೋ ವ್ಯಾಪಾರಿ, ಸ್ಯಾಮ್ಯುಯೆಲ್ ಹಾಲೆಂಡ್ ಅನ್ನೋ ಗಣಿ ಮಾಲೀಕ, ಜೇಮ್ಸ್ ಸ್ಪೂನರ್ ಅನ್ನೋ ಸರ್ವೇಯರ್. ಬಂಡವಾಳ ಸುಮಾರು 24,000 ಪೌಂಡ್. ಅದರ ಹೆಚ್ಚಿನ ಪಾಲು ಬಂದದ್ದು ವೇಲ್ಸ್‌ನಿಂದಲ್ಲ, ಸಮುದ್ರದಾಚೆ ಐರ್ಲೆಂಡಿನ ಡಬ್ಲಿನ್‌ನಿಂದ.

ಸ್ಪೂನರ್ ಮಾಡಿದ ಕೆಲಸ ಮಾತ್ರ ನನಗೆ ಈಗಲೂ ಮ್ಯಾಜಿಕ್ ಅನಿಸುತ್ತೆ. ಗುಡ್ಡದ ಅಂಚಿನ ಬಳುಕಿನಲ್ಲೇ 21 ಕಿ.ಮೀ.ಗೂ ಹೆಚ್ಚು ಉದ್ದದ ದಾರಿ ಹುಡುಕಿದ. ಬೆಟ್ಟದಿಂದ ಸಮುದ್ರದ ಕಟ್ಟೆ ಮುಟ್ಟೋವರೆಗೂ ಅದು ಇಳಿಜಾರೇ. ಹಾಗಾಗಿ 1836ರಲ್ಲಿ ಶುರುವಾದಾಗ ಎಂಜಿನ್ನೇ ಬೇಕಾಗಲಿಲ್ಲ. ಕಲ್ಲು ತುಂಬಿದ ಗಾಡಿಗಳು ತಮ್ಮ ಭಾರಕ್ಕೆ ತಾವೇ ಉರುಳಿಕೊಂಡು ಬರ್ತಿದ್ವು, ಮೇಲೆ ಕೂತವರು ಕೈಯಿಂದ ಬ್ರೇಕ್ ಹಾಕ್ತಿದ್ರು. ಸುಮಾರು ಒಂದೂವರೆ ಗಂಟೆಯ ಇಳಿತ. ಖಾಲಿ ಗಾಡಿಗಳನ್ನ ವಾಪಸ್ ಎಳೆಯೋದು ಕುದುರೆಗಳ ಪಾಳಿ, ಅದಕ್ಕೆ ಆರು ಗಂಟೆ ಹತ್ತಿರ. ಇಳಿಯುವಾಗ ಕುದುರೆಗಳು ಏನು ಮಾಡ್ತಿದ್ವು? ಅದೇ ರೈಲಿನಲ್ಲಿ ಅವುಗಳಿಗೇ ಅಂತ ಒಂದು ಗಾಡಿ. ನಿಂತ್ಕೊಂಡು ಹುಲ್ಲು ತಿಂತಾ ಇಳೀತಿದ್ವು. ಎರಡನೇ ಫೋಟೋ ಅದೇ, ಜೂಮ್ ಮಾಡಿ ನೋಡಿ.

3/6

ಸ್ಲೇಟಿನ ಬೇಡಿಕೆ ಏರಿತು, ಕುದುರೆ ಸಾಲಲಿಲ್ಲ. ಇಷ್ಟು ಕಿರಿದಾದ ಹಳಿ ಮೇಲೆ ಉಗಿ ಎಂಜಿನ್ ನಡೆಯಲ್ಲ ಅಂತ ಆಗ ಬಹಳ ಜನ ಹೇಳ್ತಿದ್ರು. ಜೇಮ್ಸ್ ಸ್ಪೂನರ್ ಮಗ ಚಾರ್ಲ್ಸ್ ಸ್ಪೂನರ್ 1863ರಲ್ಲಿ ನಡೆಸಿ ತೋರಿಸಿದ. ಆ ಕಾಲದ ಪುಟಾಣಿ ಎಂಜಿನ್ 'ಪ್ರಿನ್ಸ್' ಈಗಲೂ ಇದೆ. 1865ರಿಂದ ಪ್ರಯಾಣಿಕರೂ ಹತ್ತಿದರು. ಬ್ರಿಟನ್‌ನಲ್ಲಿ ಇಷ್ಟು ಸಣ್ಣ ಗೇಜಿನಲ್ಲಿ ಜನರನ್ನ ಕರ್ಕೊಂಡು ಹೋದ ಮೊದಲ ರೈಲು ಇದು. ಗಣಿ ಕೆಲಸಗಾರರಿಗೆ ಇದೇ ಬಸ್ಸು, ಇದೇ ಮೆಟ್ರೋ.

ಆಮೇಲೆ ಒಂದು ಡೀಲ್. ರಾಬರ್ಟ್ ಫೇರ್ಲಿ ಅನ್ನೋ ಎಂಜಿನಿಯರ್ ಹತ್ತಿರ ವಿಚಿತ್ರ ಎಂಜಿನ್ನಿನ ಪೇಟೆಂಟ್ ಇತ್ತು. ಎರಡೂ ಕಡೆ ಬಾಯ್ಲರ್, ಎರಡೂ ಕಡೆ ಚಿಮಣಿ, ನಡುವೆ ಬೆಂಕಿ. ಡ್ರೈವರ್ ಒಂದು ಪಕ್ಕ, ಕಲ್ಲಿದ್ದಲು ಹಾಕೋನು ಇನ್ನೊಂದು ಪಕ್ಕ. ನೋಡೋಕೆ ಎರಡು ಎಂಜಿನ್ ಬೆನ್ನಿಗೆ ಬೆನ್ನು ಅಂಟಿಸಿದ ಹಾಗೆ. 1869ರಲ್ಲಿ 'ಲಿಟಲ್ ವಂಡರ್' ಬಂತು, ಮುಂದಿನ ವರ್ಷ ಅದರ ಓಟ ನೋಡೋಕೆ ರಷ್ಯಾದ ಚಕ್ರವರ್ತಿ ಕಳಿಸಿದ ಆಯೋಗವೂ ಸೇರಿ ದೇಶ ದೇಶಗಳ ಎಂಜಿನಿಯರ್‌ಗಳು ಬಂದರು. ಫೇರ್ಲಿಗೆ ಜಾಹೀರಾತು ಸಿಕ್ಕಿತು. ಕಂಪನಿಗೆ ಏನು ಸಿಕ್ಕಿತು ಗೊತ್ತಾ? ಆ ಪೇಟೆಂಟನ್ನ ರಾಯಲ್ಟಿ ಇಲ್ಲದೆ ಬಳಸೋ ಹಕ್ಕು! ತನ್ನದೇ ವರ್ಕ್‌ಶಾಪ್ ಬಾಸ್ಟನ್ ಲಾಜ್‌ನಲ್ಲಿ ಇಂಥ ಎಂಜಿನ್‌ಗಳನ್ನ ಕಟ್ಟಿಕೊಂಡಿತು. 1879ರದ್ದೊಂದು ಇವತ್ತೂ ಉಳಿದಿದೆ.

ನಮ್ಮ ಡಾರ್ಜಿಲಿಂಗ್ ರೈಲು ಬೆಟ್ಟದ ತುದಿ ಮುಟ್ಟಿದ್ದು 1881ರಲ್ಲಿ. ಅದೂ ಎರಡು ಅಡಿ ಗೇಜ್, ಅದೂ ಖಾಸಗಿ ಕಂಪನಿಯದ್ದು. ಅಷ್ಟೊತ್ತಿಗೆ ಸಣ್ಣ ಹಳಿ ದೊಡ್ಡ ಕೆಲಸ ಮಾಡುತ್ತೆ ಅನ್ನೋದಕ್ಕೆ ವೇಲ್ಸಿನ ಈ ಸಾಕ್ಷಿ ಲೋಕದ ಮುಂದಿತ್ತು.

4/6

ಈಗ ಅಸಲಿ ವಿಷಯ.

ಸ್ಲೇಟಿನ ಜಾಗಕ್ಕೆ ಅಗ್ಗದ ಹೆಂಚು ಬಂತು. ರಸ್ತೆಗೆ ಬಸ್ಸು, ಲಾರಿ ಬಂದವು. 1939ರ ಸೆಪ್ಟೆಂಬರ್‌ನಲ್ಲಿ, ಯುದ್ಧ ಶುರುವಾದ ತಿಂಗಳೇ, ಪ್ರಯಾಣಿಕರ ರೈಲು ನಿಂತಿತು. 1946ರ ಆಗಸ್ಟ್ 1ಕ್ಕೆ ಸ್ಲೇಟು ಸಾಗಾಟವೂ ಬಂದ್.

ಸಾಮಾನ್ಯವಾಗಿ ಇಂಥ ಕಥೆ ಇಲ್ಲಿಗೆ ಮುಗಿಯುತ್ತೆ. ಹಳಿ ಕಿತ್ತು ಗುಜರಿಗೆ ಹಾಕ್ತಾರೆ, ಜಮೀನು ಮಾರ್ತಾರೆ, ಸಾಲಗಾರರಿಗೆ ಹಂಚ್ತಾರೆ, ಕಂಪನಿ ಕ್ಲೋಸ್. ಇಲ್ಲೂ ಅದೇ ಆಗಬೇಕಿತ್ತು. ಆದರೆ 1832ರ ಕಾಯ್ದೆ ತೆಗೆದು ನೋಡಿದರೆ, ರೈಲ್ವೆ ಕಟ್ಟೋಕೆ ಅಧಿಕಾರ ಇದೆ, ನಡೆಸೋಕೆ ಅಧಿಕಾರ ಇದೆ, ಕೈಬಿಡೋಕೆ ಮಾತ್ರ ಇಲ್ಲ! ಬರೆದವರು ಅದನ್ನ ಯೋಚನೆಯೇ ಮಾಡಿರಲಿಲ್ಲ. ಮುಚ್ಚಬೇಕು ಅಂದ್ರೆ ಪಾರ್ಲಿಮೆಂಟಿನಿಂದ ಇನ್ನೊಂದು ಕಾಯ್ದೆ ತರಬೇಕು. ಅದಕ್ಕೆ ವಕೀಲರು, ಖರ್ಚು. ಕಂಪನಿ ಹತ್ತಿರ ಸಾಯೋಕೂ ದುಡ್ಡಿರಲಿಲ್ಲ.

ಹಾಗಾಗಿ ಎಲ್ಲವನ್ನೂ ಇದ್ದಲ್ಲೇ ಬಿಟ್ಟರು. ಎಂಜಿನ್‌ಗಳು ಶೆಡ್ಡಿನಲ್ಲಿ, ಗಾಡಿಗಳು ಹಳಿ ಮೇಲೆ, ರಿಪೇರಿಗೆ ಬಿಚ್ಚಿದ ಪ್ರಿನ್ಸ್ ವರ್ಕ್‌ಶಾಪಿನಲ್ಲಿ. ಹಳಿಗಳ ನಡುವೆ ಮುಳ್ಳು, ಗಿಡ, ಮರ ಬೆಳೆದವು. 1948ರಲ್ಲಿ ಬ್ರಿಟನ್ ತನ್ನ ರೈಲ್ವೆಗಳನ್ನ ರಾಷ್ಟ್ರೀಕರಣ ಮಾಡಿದಾಗ, ಓಡದ ಈ ರೈಲನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಡಾರ್ಜಿಲಿಂಗ್ ಕಂಪನಿಯನ್ನ ನಮ್ಮ ಸರ್ಕಾರ ಕೊಂಡುಕೊಂಡಿತು. ಒಂದು ಸರ್ಕಾರದ ರೈಲಾಗಿ ಓಡ್ತು, ಇನ್ನೊಂದು ಯಾರಿಗೂ ಬೇಡದೆ ಕಂಪನಿಯಾಗಿ ಉಳೀತು.

5/6

1951. 17 ವರ್ಷದ ಲೆನಾರ್ಡ್ ಹೀತ್ ಹಂಫ್ರಿಸ್ ಅನ್ನೋ ಹುಡುಗ ಇದನ್ನ ಉಳಿಸೋಣ ಅಂತ ಆಸಕ್ತರನ್ನ ಬ್ರಿಸ್ಟಲ್‌ನಲ್ಲಿ ಒಂದು ಸಭೆಗೆ ಕರೆದ. ಹೌದು, 17. ಪಿಯುಸಿ ವಯಸ್ಸು.

ಉತ್ಸಾಹ ಇತ್ತು, ಆದರೆ ರೈಲು ಇನ್ನೊಬ್ಬರ ಆಸ್ತಿ. ಒಳಗೆ ಹೋಗೋಕೆ ಇದ್ದ ದಾರಿ ಒಂದೇ, ಷೇರು. 1954ರಲ್ಲಿ ಅಲನ್ ಪೆಗ್ಲರ್ ಅನ್ನೋ ಉದ್ಯಮಿ ಅಪ್ಪನ ಹತ್ತಿರ 3,000 ಪೌಂಡ್ ಸಾಲ ತಗೊಂಡು ಕಂಪನಿಯ ನಿಯಂತ್ರಣ ಹಿಡಿಯೋಷ್ಟು ಪಾಲು ಪಡೆದ. ಕಂಪನಿ ಸತ್ತಿರಲಿಲ್ಲವಲ್ಲ, ಷೇರೂ ಜೀವಂತವಾಗೇ ಇತ್ತು. ಷೇರಿನ ಜೊತೆ ಜಮೀನು, ಹಳಿ, ಎಂಜಿನ್, 1832ರ ಹಕ್ಕು ಎಲ್ಲಾ ಬಂತು. ಆ ಷೇರುಗಳನ್ನ ಅವನು ತನ್ನ ಹೆಸರಿಗೆ ಇಟ್ಕೊಳ್ಳಲಿಲ್ಲ, ಒಂದು ಟ್ರಸ್ಟಿಗೆ ಕೊಟ್ಟ. (ಇದೇ ಪೆಗ್ಲರ್ 1963ರಲ್ಲಿ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ಎಂಜಿನ್ ಕೊಂಡು, ಅದನ್ನ ಅಮೆರಿಕಕ್ಕೆ ಕರ್ಕೊಂಡು ಹೋಗಿ ದಿವಾಳಿಯಾದ. ಅದು ಬೇರೆ ಸರಣಿಗೆ ಆಗುವಷ್ಟು ಕಥೆ.)

1955ರ ಜುಲೈ 23ಕ್ಕೆ ಮೊದಲ ರೈಲು, ಬಂದರಿನಿಂದ ಕಟ್ಟೆ ದಾಟಿ ಬಾಸ್ಟನ್ ಲಾಜ್‌ವರೆಗೆ. ಎಳೆದದ್ದು ಉಗಿ ಎಂಜಿನ್ ಅಲ್ಲ, ಮೊದಲ ಮಹಾಯುದ್ಧದ ಕಾಲದ ಸಣ್ಣ ಟ್ರ್ಯಾಕ್ಟರ್. ಪ್ರಿನ್ಸ್ ಆಗಸ್ಟ್‌ನಲ್ಲಿ ಸೇರಿಕೊಂಡ. ಅಲ್ಲಿಂದ ವರ್ಷಕ್ಕೊಂದು ಸ್ಟೇಷನ್ ಅನ್ನೋ ಹಾಗೆ ಮುಂದಕ್ಕೆ, ಮರ ಕಡೀತಾ.

ಆದರೆ ಮೇಲ್ಗಡೆ ದಾರಿಯನ್ನ ವಿದ್ಯುತ್ ಇಲಾಖೆ ತಗೊಂಡಿತ್ತು. ಜಲವಿದ್ಯುತ್ ಯೋಜನೆಯ ನೀರಲ್ಲಿ ಹಳಿಯ ಒಂದು ಭಾಗ ಮುಳುಗೋದಿತ್ತು. ಮುಳುಗಡೆ ಅಂದ್ರೆ ಏನು ಅಂತ ಲಿಂಗನಮಕ್ಕಿ, ಆಲಮಟ್ಟಿ ಕಡೆಯವರಿಗೆ ನಾನು ಹೇಳಬೇಕಿಲ್ಲ. ಪರಿಹಾರಕ್ಕಾಗಿ ಕಂಪನಿ ಕೇಸ್ ಹಾಕಿತು. ಅದು ಮುಗಿಯೋಕೆ 18 ವರ್ಷ ಹಿಡೀತು, 1972ರವರೆಗೆ. ಅಲ್ಲಿವರೆಗೆ ಕಾಯ್ತಾ ಕೂರಲಿಲ್ಲ. 1965ರಿಂದಲೇ ಸ್ವಯಂಸೇವಕರು ಜಲಾಶಯದ ಅಂಚಿನಲ್ಲಿ ಹೊಸ ದಾರಿ ಕಡಿಯೋಕೆ ಶುರು ಮಾಡಿದ್ರು. ಸುಮಾರು 4 ಕಿ.ಮೀ. ವೀಕೆಂಡ್‌ಗಳಲ್ಲಿ, ರಜೆಗಳಲ್ಲಿ, ಗುದ್ದಲಿ ಹಿಡಿದು, ಮಳೆಯಲ್ಲಿ. ದಿಅಲ್ಟ್ ಅನ್ನೋ ಜಾಗದಲ್ಲಿ ಎತ್ತರ ಗಳಿಸೋಕೆ ಹಳಿಯನ್ನ ಸುತ್ತಿಸಿ ತನ್ನ ಮೇಲೆಯೇ ದಾಟಿಸಿದ್ರು, ಡಾರ್ಜಿಲಿಂಗ್‌ನ ಬತಾಸಿಯಾ ಲೂಪ್ ಥರ. ಆಮೇಲೆ ಹೊಸ ಸುರಂಗ. 1982ರ ಮೇ 25ಕ್ಕೆ ರೈಲು ಮತ್ತೆ ಬ್ಲೈನೌ ಮುಟ್ಟಿತು. ಅಲ್ಲಿನ ಸ್ಟೇಷನ್ನಿನಲ್ಲಿ ದೊಡ್ಡ ಗೇಜಿನ ಸರ್ಕಾರಿ ರೈಲು, ಈ ಪುಟಾಣಿ ರೈಲು ಎರಡೂ ಬರುತ್ವೆ. ಇಳಿದು ಅದು ಹತ್ತಬಹುದು, ಅದರಿಂದ ಇಳಿದು ಇದು ಹತ್ತಬಹುದು. ಬರೀ ಜಾಯ್‌ರೈಡ್ ಆಗದೆ ಊರಿಂದ ಊರಿಗೆ ಹೋಗೋ ರೈಲಾಗಿ ಉಳಿದಿದೆ ಅನ್ನೋದು ನನಗೆ ಇಷ್ಟವಾದ ವಿಷಯ.

6/6

ಇವರೆಲ್ಲ ದೇವತೆಗಳು ಅಂತ ಅಂದ್ಕೋಬೇಡಿ. ಪಕ್ಕದಲ್ಲೇ ವೆಲ್ಷ್ ಹೈಲ್ಯಾಂಡ್ ಅನ್ನೋ ಇನ್ನೊಂದು ಸಣ್ಣ ಗೇಜ್ ರೈಲಿತ್ತು. 1937ರಲ್ಲಿ ನಿಂತು ಹೋಗಿ, ಯುದ್ಧಕಾಲದಲ್ಲಿ ಹಳಿ ಕಿತ್ತು, ಅದರ ಕಂಪನಿ ಲಿಕ್ವಿಡೇಟರ್ ಕೈ ಸೇರಿತ್ತು. 1980ರ ದಶಕದಲ್ಲಿ ಬೇರೆಯವರು ಅದನ್ನ ಮತ್ತೆ ಕಟ್ಟೋಕೆ ಹೊರಟಾಗ, ನಮ್ಮ ಫೆಸ್ಟಿನಿಯೋಗ್ ಏನು ಮಾಡಿತು? ಪೈಪೋಟಿ ಆಗುತ್ತೆ ಅನ್ನೋ ಭಯಕ್ಕೆ, ಹೆಸರು ಹೇಳದೆ ಆ ಜಾಗ ಕೊಳ್ಳೋಕೆ ಹೋಯ್ತು, ಅಲ್ಲಿ ರೈಲು ಬರಬಾರದು ಅನ್ನೋ ಷರತ್ತಿನ ಮೇಲೆ! ಗುಟ್ಟು ಹೊರಬಿದ್ದಾಗ ರೈಲು ಪ್ರೇಮಿಗಳು ಉಗಿದದ್ದು ಸರಿಯಾಗೇ ಇತ್ತು ಅಂತೀನಿ ನಾನು. ಆಮೇಲೆ ಮನಸ್ಸು ಬದಲಾಯ್ತು, ತಾನೇ ಕಟ್ಟೋಕೆ ಹೊರಟಿತು, 2011ಕ್ಕೆ ಸುಮಾರು 40 ಕಿ.ಮೀ. ಪೂರ್ತಿ ತೆರೀತು. ಎರಡೂ ದಾರಿ ಈಗ ಪೋರ್ತ್‌ಮಡಾಗ್‌ನಲ್ಲಿ ಸೇರುತ್ವೆ. ಆದರೆ ವ್ಯತ್ಯಾಸ ನೋಡಿ: ಸಾಯೋಕಾಗದ ಕಂಪನಿಯದ್ದು ಹಳಿ, ಎಂಜಿನ್, ಹಕ್ಕು ಎಲ್ಲ ಕಾಯ್ತಾ ಇತ್ತು. ಸತ್ತ ಕಂಪನಿಯದ್ದು ಒಂದೊಂದು ಹಳಿಯನ್ನೂ ಹೊಸದಾಗಿ ಹಾಕಬೇಕಾಯ್ತು, ಅದಕ್ಕೂ ಮೊದಲು ವರ್ಷಗಟ್ಟಲೆ ಕೋರ್ಟು, ವಿಚಾರಣೆ.

2021ರಲ್ಲಿ ಯುನೆಸ್ಕೋ ವೇಲ್ಸಿನ ಸ್ಲೇಟು ಪ್ರದೇಶವನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಈ ರೈಲೂ ಅದರೊಳಗಿದೆ. ಡಾರ್ಜಿಲಿಂಗ್ 1999ರಲ್ಲೇ ಸೇರಿತ್ತು. ಅಂದ ಹಾಗೆ 1832ರ ಕಾಯ್ದೆಯಲ್ಲಿ ಊರಿನ ಹೆಸರಿಗೆ ಎರಡು ಎಫ್ ಬದಲು ಒಂದೇ ಎಫ್ ಬರೆದಿದ್ರು. ವೆಲ್ಷ್ ಭಾಷೆಯಲ್ಲಿ ಒಂದು ಎಫ್ ಅಂದ್ರೆ 'ವ'. ಅಂದ್ರೆ ಕಂಪನಿಯ ಕಾನೂನಿನ ಹೆಸರನ್ನ ಅವರ ಭಾಷೆಯಲ್ಲಿ ಓದಿದರೆ ವೆಸ್ಟಿನಿಯೋಗ್ ಆಗುತ್ತೆ. ಇವತ್ತಿಗೂ ಹಾಗೇ ಇದೆ.

ನಮ್ಮಲ್ಲೂ ಇಂಥದ್ದೊಂದಿತ್ತು. 1915ರಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಅಂತ ಒಂದು ಕಂಪನಿ ನ್ಯಾರೋ ಗೇಜ್ ಹಳಿ ಹಾಕಿ ರೈಲು ಓಡಿಸಿತು. ಈಗ ಅದೇ ದಾರಿಯಲ್ಲಿ ಬ್ರಾಡ್ ಗೇಜ್. ನಂದಿ ಹಾಲ್ಟ್ ಕಡೆ ರೀಲ್ಸ್ ಮಾಡೋಕೆ ಹೋಗ್ತೀರಲ್ಲ, ಆ ಲೈನೇ. ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯವರು ಮನೆಯಲ್ಲಿ ಅಜ್ಜ ಅಜ್ಜಿನ ಕೇಳಿ, ಆ ಸಣ್ಣ ರೈಲು ಹತ್ತಿದ್ರಾ, ಟಿಕೆಟ್ ಎಷ್ಟಿತ್ತು, ಏನು ಹೇರ್ಕೊಂಡು ಹೋಗ್ತಿದ್ರು ಅಂತ. ಹಳೇ ಫೋಟೋನೋ ಟಿಕೆಟ್ಟೋ ಸಿಕ್ಕಿದ್ರೆ ಡಿಎಂ ಮಾಡಿ. ಮುಂದಿನ ಸರಣಿ ಆ ರೈಲಿನದ್ದೇ.