ಕೂಲಿಂಗ್ ಗ್ಲಾಸ್ ಬೇರೆ, ಕಣ್ಣು ಕಾಯುವ ಗ್ಲಾಸ್ ಬೇರೆ

ಮೂಡಿಗೆರೆ ತಾಲೂಕಿನ ದೇವರಮನೆ ಗುಡ್ಡಕ್ಕೆ ವೀಕೆಂಡಿನಲ್ಲಿ ಹತ್ತುವ ಬೈಕ್ ಸವಾರರಲ್ಲಿ ಬಹಳ ಜನರ ಮೂಗಿನ ಮೇಲೆ ಕಪ್ಪು ಗ್ಲಾಸ್ ಇರುತ್ತೆ. ಆನ್‌ಲೈನಿನಲ್ಲಿ 'ಟ್ಯಾಕ್ಟಿಕಲ್', 'ಮಿಲಿಟರಿ ಗ್ರೇಡ್' ಅಂತ ಮಾರುವ ಮಾಲು. ಅದೇ ದಾರಿಯ ಎರಡೂ ಕಡೆಯ ಕಾಫಿ ತೋಟಗಳಲ್ಲಿ ಮಳೆಗಾಲದ ಕಳೆ ಏಳುತ್ತಿದ್ದಂತೆ ವೀಡ್ ಕಟರ್ ಸದ್ದು ಶುರು. ಆ ಮೆಷಿನ್ ಹೆಗಲಿಗೆ ಹಾಕಿಕೊಂಡವನ ಕಣ್ಣಿಗೆ ಎಷ್ಟೋ ಸಲ ಏನೂ ಇರಲ್ಲ; ಇದ್ದರೆ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಕನ್ನಡಕ. ಪೆಟ್ಟು ತಡೆಯುವ ಕನ್ನಡಕ ಆರಿಸೋದು ಹೇಗೆ ಅನ್ನೋ ಈ ಬರಹ ಇಬ್ಬರಿಗೂ ಉಪಯೋಗಕ್ಕೆ ಬರುತ್ತೆ. ಆದರೆ ಹೆಚ್ಚು ಮಾತು ಎರಡನೆಯವನ ಬಗ್ಗೆ, ಯಾಕಂದ್ರೆ ಅಪಾಯ ಇರುವುದು ಅವನಿಗೆ.

ಒಂದು ಸಣ್ಣ ಲೆಕ್ಕ. ವೀಡ್ ಕಟರಿನ 25 ಸೆಂ.ಮೀ. ಅಗಲದ ಬ್ಲೇಡ್ ನಿಮಿಷಕ್ಕೆ 7,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 90 ಮೀಟರ್, ಅಂದರೆ ಗಂಟೆಗೆ 330 ಕಿ.ಮೀ. ಬ್ಲೇಡ್ ಬದಲು ನೈಲಾನ್ ದಾರ ಹಾಕಿ, ಕೊಚ್ಚುವ ಅಗಲ 40 ಸೆಂ.ಮೀ. ಆದರೆ ವೇಗ 145 ಮೀಟರ್ ದಾಟುತ್ತೆ. ಅಂಚಿಗೆ ಸಿಕ್ಕ ಕಲ್ಲೆಲ್ಲ ಅದೇ ವೇಗದಲ್ಲಿ ಹಾರಲ್ಲ, ನಿಜ. ಆದರೂ ಮೆಷಿನ್ ಜೊತೆ ಬರುವ ಪುಸ್ತಿಕೆಗಳು ಬೇರೆಯವರು 15 ಮೀಟರ್ ದೂರ ಇರಲಿ ಅಂತ ಹೇಳುವುದು ಸುಮ್ಮನೆ ಅಲ್ಲ. ದೂರ ನಿಲ್ಲಲಾಗದವನು ಒಬ್ಬನೇ, ಮೆಷಿನ್ ಹಿಡಿದವನು.

ಈಗ ಕನ್ನಡಕದ ಮೇಲಿನ ಗುರುತು ಓದೋಣ. ಅಮೆರಿಕದ ಆನ್ಸಿ ಮಾನದಂಡದಲ್ಲಿ 'ಝಡ್87' ಅಂತಷ್ಟೇ ಇದ್ದರೆ ಅದು ಕನಿಷ್ಠ ಪರೀಕ್ಷೆ: 25.4 ಮಿ.ಮೀ. ದಪ್ಪದ ಉಕ್ಕಿನ ಗುಂಡನ್ನು 127 ಸೆಂ.ಮೀ. ಎತ್ತರದಿಂದ ಬೀಳಿಸಿದಾಗ ಲೆನ್ಸ್ ಒಡೆಯಬಾರದು. ಪಕ್ಕದಲ್ಲೊಂದು ಕೂಡಿಸುವ ಚಿಹ್ನೆ ಇದ್ದರೆ, ಅಂದರೆ 'ಝಡ್87 ಪ್ಲಸ್', ಕತೆಯೇ ಬೇರೆ. 6.35 ಮಿ.ಮೀ. ಗುಂಡು ಸೆಕೆಂಡಿಗೆ 45.7 ಮೀಟರ್ ವೇಗದಲ್ಲಿ ಬಂದು ಬಡಿಯುತ್ತೆ; ಜೊತೆಗೆ ಅರ್ಧ ಕೆ.ಜಿ.ಯ ಚೂಪು ತೂಕವನ್ನೂ ಮೇಲಿಂದ ಬೀಳಿಸುತ್ತಾರೆ. ಆ ಪುಟ್ಟ ಪ್ಲಸ್ ಇಲ್ಲದ ಗ್ಲಾಸನ್ನು ತೋಟದ ಕೆಲಸಕ್ಕೆ ಕೊಳ್ಳಲೇಬೇಡಿ. ಪವರ್ ಗ್ಲಾಸ್ ಮಾಡಿಸುವವರಿಗೆ 'ಝಡ್87-2 ಪ್ಲಸ್' ಅನ್ನೋ ಬೇರೆ ಗುರುತಿದೆ. ಮಾಮೂಲಿ ಪವರ್ ಗ್ಲಾಸ್ ರಕ್ಷಣೆ ಕೊಡುತ್ತೆ ಅನ್ನೋದು ತಪ್ಪು ನಂಬಿಕೆ.

ಯುರೋಪಿನ ಇಎನ್ 166ರಲ್ಲಿ ಅಕ್ಷರಗಳಿವೆ. 'ಎಫ್' ಅಂದರೆ 6 ಮಿ.ಮೀ. ಗುಂಡಿಗೆ ಸೆಕೆಂಡಿಗೆ 45 ಮೀಟರ್, 'ಬಿ' ಅಂದರೆ 120, 'ಎ' ಅಂದರೆ 190. ಇಲ್ಲೊಂದು ಸೂಕ್ಷ್ಮ ಇದೆ. ಕಿವಿಗೆ ಸಿಕ್ಕಿಸುವ ಕನ್ನಡಕಕ್ಕೆ ಎಫ್ ಮೇಲೆ ದರ್ಜೆಯೇ ಇಲ್ಲ. 'ಬಿ' ಬೇಕಂದರೆ ಮುಖಕ್ಕೆ ಅಂಟಿ ಕೂರುವ ಗಾಗಲ್ ಬೇಕು, 'ಎ' ಬೇಕಂದರೆ ಪೂರ್ತಿ ಮುಖ ಮುಚ್ಚುವ ಶೀಲ್ಡ್. ಮೇಲಿನ ಬ್ಲೇಡ್ ಲೆಕ್ಕದ ಪಕ್ಕ ಇದನ್ನಿಟ್ಟು ನೋಡಿ: ವೀಡ್ ಕಟರಿಗೆ, ಚೈನ್ ಸಾ ಹಿಡಿದು ಮರಗಸಿ ಮಾಡುವವರಿಗೆ ಕನ್ನಡಕ ಒಂದೇ ಸಾಲದು. ಮೇಲೊಂದು ಮುಖದ ಜಾಲರಿ, ಒಳಗೆ ಪ್ಲಸ್ ಗುರುತಿನ ಗ್ಲಾಸ್. ತಂತಿ ಜಾಲರಿ ಮಂಜು ಹಿಡಿಯಲ್ಲ, ಮಲೆನಾಡಿಗೆ ಅದು ದೊಡ್ಡ ಗುಣ. ಆದರೆ ಸಣ್ಣ ಚೂರು, ದೂಳು ಅದರ ತೂತಿನಲ್ಲಿ ನುಗ್ಗುತ್ತೆ. ಆದ್ದರಿಂದ ಎರಡೂ ಬೇಕು.

ಗುರುತು ಲೆನ್ಸಿನ ಮೇಲೂ ಫ್ರೇಮಿನ ಮೇಲೂ ಇರಬೇಕು. ಲೆನ್ಸ್ ಗಟ್ಟಿ ಇದ್ದು ಫ್ರೇಮ್ ಬಿಟ್ಟುಕೊಂಡರೆ ಲೆನ್ಸೇ ಕಣ್ಣಿಗೆ ಬಡಿಯುತ್ತೆ. ನಮ್ಮ ದೇಶದ ಮಾನದಂಡ ಐಎಸ್ 5983. ಐಎಸ್‌ಐ ಗುರುತಿದ್ದರೆ ಕೆಳಗೆ 'ಸಿಎಂ/ಎಲ್' ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತೆ; ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತೆ. 'ಮಿಲಿಟರಿ' ಅನ್ನೋ ಪದಕ್ಕೂ ಒಂದು ಅಸಲಿ ಅರ್ಥ ಇದೆ. ಅಮೆರಿಕ ಸೇನೆಯ ಎಂಐಎಲ್-ಪಿಆರ್‌ಎಫ್-32432 ಪ್ರಕಾರ ಕನ್ನಡಕಕ್ಕೆ ಸೆಕೆಂಡಿಗೆ ಸುಮಾರು 195 ಮೀಟರ್ ವೇಗದ ಚೂರು ಹೊಡೆದು ನೋಡುತ್ತಾರೆ. ಆ ನಂಬರ್ ಹೇಳದೆ ಬರೀ 'ಟ್ಯಾಕ್ಟಿಕಲ್' ಅಂದರೆ ಅದು ಬಣ್ಣದ ಹೆಸರಷ್ಟೇ.

ಬಣ್ಣ ಅಂದಾಗ ನೆನಪಾಯ್ತು. ಲೆನ್ಸ್ ಎಷ್ಟು ಕಪ್ಪು ಅನ್ನೋದಕ್ಕೂ ಅದು ಎಷ್ಟು ಪೆಟ್ಟು ತಡೆಯುತ್ತೆ ಅನ್ನೋದಕ್ಕೂ ಸಂಬಂಧವೇ ಇಲ್ಲ. ಪೋಲರೈಸ್ಡ್ ಅಂದರೆ ಪ್ರತಿಫಲನದ ಹೊಳಪು ಕಡಿಮೆ, ಅಷ್ಟೇ. ಪಾಲಿಕಾರ್ಬೊನೇಟ್ ಲೆನ್ಸ್ ಪಾರದರ್ಶಕವಾಗಿದ್ದರೂ ಅತಿನೇರಳೆ ಕಿರಣವನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತೆ. ದೇವರಮನೆಯ ಬಯಲು ಹುಲ್ಲುಗಾವಲಿನಲ್ಲಿ ನಡೆಯುವವರಿಗೆ ಕ್ಯಾಟಗರಿ 3, ಅಂದರೆ ಬೆಳಕಿನ ಶೇ 8ರಿಂದ 18ರಷ್ಟನ್ನು ಒಳಬಿಡುವ ಲೆನ್ಸ್ ಸರಿ. ಕ್ಯಾಟಗರಿ 4 ಹಾಕಿಕೊಂಡು ಗಾಡಿ ಓಡಿಸಬಾರದು. ಆದರೆ ಸಿಲ್ವರ್ ಓಕ್, ಅತ್ತಿ, ಹಲಸಿನ ನೆರಳಿನ ಕೆಳಗಿನ ಕಾಫಿ ಗಿಡದ ಮಧ್ಯೆ ಕಪ್ಪು ಗ್ಲಾಸ್ ಹಾಕಿದರೆ ಕಲ್ಲೂ ಕಾಣಲ್ಲ, ಹಾವೂ ಕಾಣಲ್ಲ. ತೋಟಕ್ಕೆ ಬೇಕಾದದ್ದು ಬಿಳಿ ಲೆನ್ಸ್. ಮಬ್ಬುಗತ್ತಲಲ್ಲಿ ಆನೆ ಹೆಜ್ಜೆ ಹಿಡಿದು ಹೋಗುವ ಅರಣ್ಯ ಇಲಾಖೆಯ ಸಿಬ್ಬಂದಿಗೂ ಅದೇ.

ಔಷಧಿ ಹೊಡೆಯುವ ಕೆಲಸಕ್ಕೆ ಲೆಕ್ಕ ಬದಲಾಗುತ್ತೆ. ಬೋರ್ಡೊ ದ್ರಾವಣದ ಸುಣ್ಣ ಕ್ಷಾರ; ಕಣ್ಣಿಗೆ ಬಿದ್ದರೆ ಒಳಕ್ಕೆ ಇಳಿದು ಸುಡುತ್ತಾ ಹೋಗುತ್ತೆ. ಅಲ್ಲಿ ಬದಿಯಿಂದ ಹನಿ ನುಗ್ಗದ ಗಾಗಲ್ ಬೇಕು: ಆನ್ಸಿಯಲ್ಲಿ 'ಡಿ3', ಇಎನ್‌ನಲ್ಲಿ '3' ಅಂತ ಗುರುತು. ಬಿದ್ದೇಬಿಟ್ಟರೆ ಆಸ್ಪತ್ರೆಗೆ ಓಡುವ ಮೊದಲು ಅಲ್ಲೇ ಶುದ್ಧ ನೀರಿನಲ್ಲಿ ಕನಿಷ್ಠ ಇಪ್ಪತ್ತು ನಿಮಿಷ ತೊಳೆಯಬೇಕು.

ಕಲ್ಲಿಗಿಂತ ಮೋಸ ಮಾಡುವುದು ಕಾಫಿ ರೆಕ್ಕೆ. ಗಿಡಗಸಿ ಮಾಡುವಾಗ, ಹಣ್ಣು ಕುಯ್ಯುವಾಗ ರೆಂಬೆ ಕಣ್ಣಿಗೆ ತಗಲುತ್ತೆ, ಒಂಚೂರು ಗೀರು, ಕೆಂಪು. ಯಾರೂ ತಲೆ ಕೆಡಿಸಿಕೊಳ್ಳಲ್ಲ. ಗಿಡದ ಗೀರಿನಿಂದ ಕಣ್ಣಿನ ಕರಿಗುಡ್ಡೆ ಮೇಲಿನ ಪೊರೆಗೆ ಶಿಲೀಂಧ್ರ ಹತ್ತಿ ಹುಣ್ಣಾಗುವುದು ದಕ್ಷಿಣ ಭಾರತದ ಕೃಷಿಕರಲ್ಲಿ ಕುರುಡಿಗೆ ಒಂದು ಮುಖ್ಯ ದಾರಿ. ಮೆಡಿಕಲ್ ಶಾಪಿನವರು ಕೊಡುವ ಸ್ಟಿರಾಯ್ಡ್ ಡ್ರಾಪ್ಸ್ ಅದನ್ನು ಇನ್ನೂ ಕೆಡಿಸುತ್ತೆ. ಸೊಪ್ಪಿನ ರಸ, ಎದೆಹಾಲು ಹಾಕುವುದೂ ಬೇಡ. ನೋವು ಮರುದಿನವೂ ಇದ್ದರೆ ಕಣ್ಣಿನ ಡಾಕ್ಟರನ್ನೇ ನೋಡಬೇಕು. ಹಣ್ಣು ಕುಯ್ಯುವ ಹೆಂಗಸರಿಗೆ ಕನ್ನಡಕ ಕೊಟ್ಟ ತೋಟ ಎಷ್ಟಿದೆ ಅಂತ ನಿಮ್ಮೂರಲ್ಲೇ ಕೇಳಿ ನೋಡಿ.

ಕೊಡಬೇಕಾದವರು ಯಾರು? 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆ ಪ್ರಕಾರ ಸುರಕ್ಷತೆಗಾಗಿ ಒದಗಿಸಿದ ಯಾವುದಕ್ಕೂ ಮಾಲೀಕರು ಕಾರ್ಮಿಕರಿಂದ ದುಡ್ಡು ಹಿಡಿಯುವಂತಿಲ್ಲ. ಆದರೆ ಅದರಲ್ಲಿ ಪ್ಲಾಂಟೇಶನ್ ಅಂದರೆ 5 ಹೆಕ್ಟೇರ್ ಮತ್ತು ಮೇಲೆ. ಇಲ್ಲಿನ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ಸ್ವಂತ ಮೆಷಿನ್ ತಂದು ದಿನದ ಲೆಕ್ಕದಲ್ಲಿ ಕಳೆ ಹೊಡೆದುಕೊಡುವವನು ಕಾರ್ಮಿಕನೋ, ಗುತ್ತಿಗೆದಾರನೋ ಅನ್ನೋ ವಾದಕ್ಕೂ ಜಾಗ ಇದೆ. ಅಸ್ಸಾಂನಿಂದ ಬಂದು ಲೈನ್ ಮನೆಯಲ್ಲಿರುವ ಹುಡುಗ ಈ ವಾದ ಯಾವ ಭಾಷೆಯಲ್ಲಿ ಮಾಡಬೇಕು? ಪ್ಲಸ್ ಗುರುತಿನ ಸಾದಾ ಗ್ಲಾಸ್ ಕೆಲವು ನೂರು ರೂಪಾಯಿಗೆ ಸಿಗುವ ವಸ್ತು.

ಇನ್ನೊಂದು ಕೊಂಡಿ ಕಾನೂನಿನಲ್ಲೇ ಇದೆ, ಇದನ್ನು ಕಾರ್ಮಿಕ ಸಂಘಟನೆಯ ಹುಡುಗರು ಗಮನಿಸಬೇಕು. 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಒಂದು ಕಣ್ಣು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ 40 ನಷ್ಟ, ಗುಡ್ಡೆ ಉಳಿದು ದೃಷ್ಟಿ ಮಾತ್ರ ಹೋದರೆ ಶೇ 30. ಆ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಬಿಟ್ಟು ಉಳಿದ ಪ್ರಕರಣಗಳಲ್ಲಿ, ಕೊಟ್ಟ ಸುರಕ್ಷತಾ ಸಾಧನವನ್ನು ಕಾರ್ಮಿಕ ಬೇಕಂತಲೇ ತೆಗೆದಿಟ್ಟಿದ್ದ ಅಂತಾದರೆ ಮಾಲೀಕರು ಪರಿಹಾರ ಕೊಡಬೇಕಿಲ್ಲ. ಒಂದು ಕಣ್ಣು ಹೋಗುವುದು ಪಟ್ಟಿಯ ಪ್ರಕಾರ ಭಾಗಶಃ ಅಂಗವೈಕಲ್ಯ. ಹಾಗಾಗಿ ಮಂಜು ಹಿಡಿಯುವ ಅಗ್ಗದ ಗ್ಲಾಸ್ ಕೊಟ್ಟು ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಹಾಕಿಸಿಕೊಂಡರೆ ಸಾಕು. ಜುಲೈ ಮಳೆಯಲ್ಲಿ ಏನೂ ಕಾಣದೆ ಅದನ್ನು ಹಣೆಗೆ ಏರಿಸಿಕೊಂಡವನ ಮೇಲೆಯೇ ತಪ್ಪು ಹೊರಿಸಬಹುದು. ಆನ್ಸಿಯಲ್ಲಿ 'ಎಕ್ಸ್', ಇಎನ್‌ನಲ್ಲಿ 'ಎನ್' ಗುರುತು ಮಂಜು ಹಿಡಿಯದ ಲೆನ್ಸಿನದು, ಕೇಳುವಾಗ ಅದನ್ನೇ ಹೆಸರಿಟ್ಟು ಕೇಳಿ. ಕೊಟ್ಟ ಗ್ಲಾಸ್ ಮಂಜು ಹಿಡಿಯುತ್ತಿದ್ದರೆ ರೈಟರ್‌ಗೆ ಬಾಯಲ್ಲಿ ಹೇಳಿ ಸುಮ್ಮನಾಗದೆ ತಾರೀಖು ಹಾಕಿ ಒಂದು ವಾಟ್ಸಾಪ್ ಮೆಸೇಜ್ ಕಳಿಸಿ, ಫೋಟೊ ಸಮೇತ.