ಶಲೋ ಕಣಿವೆ: ಸ್ಪೇನಿನ ಸದ್ದಿಲ್ಲದ ಸೈಕಲ್ ಹಾದಿಗಳು

ಸ್ಪೇನಿನ ಪೂರ್ವ ಕರಾವಳಿಯ ಅಲಿಕಾಂಟೆ ಪ್ರಾಂತ್ಯವು ಬಹುಮಟ್ಟಿಗೆ ಪರಿಚಿತವಾಗಿರುವುದು ಬೆನಿಡಾರ್ಮ್‌ನ ಗಗನಚುಂಬಿ ಹೋಟೆಲುಗಳಿಂದ ಹಾಗೂ ಜನಜಂಗುಳಿಯ ಕಡಲತೀರಗಳಿಂದ. ಆದರೆ ಸಮುದ್ರಕ್ಕೆ ಬೆನ್ನು ಹಾಕಿ ಹತ್ತು-ಹದಿನೈದು ಕಿಲೋಮೀಟರ್ ಒಳನಾಡಿಗೆ ಸಾಗಿದರೆ ದೃಶ್ಯವೇ ಬದಲಾಗುತ್ತದೆ. ಸುಣ್ಣಕಲ್ಲಿನ ಬೆಟ್ಟಗಳ ನಡುವೆ ಬಾದಾಮಿ, ದ್ರಾಕ್ಷಿ ಮತ್ತು ಆಲಿವ್ ತೋಟಗಳನ್ನು ಹೊದ್ದ ಕಣಿವೆಯೊಂದು ತೆರೆದುಕೊಳ್ಳುತ್ತದೆ. ಇದೇ ಶಲೋ ಕಣಿವೆ. ಸ್ಪ್ಯಾನಿಷ್ ಭಾಷೆಯಲ್ಲಿ ಇದು ಹಲೋನ್. ಇಲ್ಲಿನ ವಲೆನ್ಸಿಯನ್ ನುಡಿಯಲ್ಲಿ ಶಲೋ. ಸುತ್ತಲಿನ ಊರುಗಳನ್ನೂ ಸೇರಿಸಿಕೊಂಡು ‘ಪಾಪ್ ಕಣಿವೆ’ ಎಂಬ ಹಳೆಯ ಹೆಸರೂ ಬಳಕೆಯಲ್ಲಿದೆ.

ಕಣಿವೆಯ ರಸ್ತೆಗಳು ಇಂದು ಯುರೋಪಿನ ಸೈಕಲ್ ಸವಾರರಿಗೆ ಅಚ್ಚುಮೆಚ್ಚು. ಉತ್ತರ ಯುರೋಪ್ ಹಿಮದಲ್ಲಿ ಮುಳುಗಿರುವಾಗ ಇಲ್ಲಿ ಬಿಸಿಲಿರುತ್ತದೆ. ಆದ ಕಾರಣ ವೃತ್ತಿಪರ ತಂಡಗಳು ಡಿಸೆಂಬರ್ ಮತ್ತು ಜನವರಿಯಲ್ಲಿ ಸಮೀಪದ ಕಾಲ್ಪೆ ಪಟ್ಟಣದಲ್ಲಿ ಬೀಡುಬಿಟ್ಟು ಈ ದಾರಿಗಳಲ್ಲೇ ಅಭ್ಯಾಸ ನಡೆಸುತ್ತವೆ. ಹಾಗೆಂದು ವಾಹನ ವಿರಳವಾದ ದಾರಿಯೆಲ್ಲ ತಾನಾಗಿಯೇ ಸುರಕ್ಷಿತವಲ್ಲ ಎಂಬ ಪಾಠವನ್ನೂ ಇದೇ ಕಣಿವೆ ಕಲಿಸಿದೆ.

ನೆಲ ಮತ್ತು ಇತಿಹಾಸ

ಗೋರ್ಗೋಸ್ ಅಥವಾ ಶಲೋ ಎಂದು ಕರೆಯಲಾಗುವ ನದಿಯು ಕಾಸ್ಟೆಲ್ ದೆ ಕಾಸ್ಟೆಲ್ಸ್, ಬೆನಿಜೆಂಬ್ಲಾ, ಅಲ್ಕಲಲಿ, ಶಲೋ ಹಾಗೂ ಯಿಬೆರ್ ಊರುಗಳನ್ನು ಹಾದು ಶಾಬಿಯಾ ಪಟ್ಟಣದ ಬಳಿ ಮೆಡಿಟರೇನಿಯನ್ ಸಮುದ್ರವನ್ನು ಸೇರುತ್ತದೆ. ವರ್ಷದ ಬಹುಪಾಲು ಒಣಗಿದಂತೆಯೇ ಕಾಣುವ ಈ ನದಿ ಶರತ್ಕಾಲದ ಬಿರುಮಳೆಗೆ ಉಕ್ಕಿ ಹರಿಯುವುದುಂಟು.

‘ಬೆನಿ’ ಎಂದು ಆರಂಭವಾಗುವ ಊರ ಹೆಸರುಗಳು ಅರಬ್ಬೀ ಮೂಲದವು. ಇಂತಹವರ ಸಂತತಿ ಎಂಬುದು ಅದರ ಅರ್ಥ. ಮತಾಂತರಗೊಂಡ ಮುಸ್ಲಿಮರ ವಂಶಸ್ಥರಾದ ಮೊರಿಸ್ಕೊ ಜನರು ಇಲ್ಲಿ ಬೆಟ್ಟದ ಇಳಿಜಾರನ್ನು ಮೆಟ್ಟಿಲು ಹೊಲಗಳನ್ನಾಗಿಸಿ ಬೇಸಾಯ ಮಾಡುತ್ತಿದ್ದರು. 1609ರಲ್ಲಿ ದೊರೆ ಮೂರನೇ ಫಿಲಿಪ್ ಅವರನ್ನು ದೇಶದಿಂದ ಹೊರಹಾಕಲು ಆಜ್ಞೆ ಹೊರಡಿಸಿದಾಗ ಸಾವಿರಾರು ಮಂದಿ ಲಗುವಾರ್ ಕಣಿವೆಯ ಬೆಟ್ಟಗಳನ್ನೇರಿ ಪ್ರತಿರೋಧ ಒಡ್ಡಿ ಸೋತರು. ಬರಿದಾದ ಊರುಗಳಲ್ಲಿ ಮಯೋರ್ಕಾ ದ್ವೀಪದಿಂದ ಬಂದ ಕುಟುಂಬಗಳು ನೆಲೆಗೊಂಡವು. ಟಾರ್ಬೆನಾ ಗ್ರಾಮದ ಆಡುನುಡಿಯಲ್ಲಿ ಮಯೋರ್ಕಾದ ಛಾಯೆ ಇಂದಿಗೂ ಉಳಿದಿದೆ.

ಒಂದು ಕಾಲಕ್ಕೆ ಈ ಸೀಮೆಯ ಒಣದ್ರಾಕ್ಷಿ ಡೇನಿಯಾ ಬಂದರಿನಿಂದ ಬ್ರಿಟನ್ನಿಗೆ ರಫ್ತಾಗುತ್ತಿತ್ತು. ದ್ರಾಕ್ಷಿಯನ್ನು ಮಳೆ-ಮಂಜಿನಿಂದ ಕಾಪಾಡಲು ಕಟ್ಟಿದ, ಸಾಲು ಕಮಾನುಗಳ ‘ರಿಯುರಾವ್’ ಎಂಬ ಮೊಗಸಾಲೆಗಳು ರಸ್ತೆಯ ಬದಿಯಲ್ಲಿ ಈಗಲೂ ಕಾಣಸಿಗುತ್ತವೆ.

ಪ್ರಮುಖ ಹಾದಿಗಳು

ಕಣಿವೆಯ ಬಯಲು: ಶಲೋದಿಂದ ಅಲ್ಕಲಲಿ, ಪಾರ್ಸೆಂಟ್, ಮುರ್ಲಾ ಮಾರ್ಗವಾಗಿ ಓರ್ಬಾವರೆಗಿನ ದಾರಿ ಬಹುತೇಕ ಏರುತಗ್ಗುಗಳಿಲ್ಲದ್ದು. ಹೊಸಬರಿಗೆ ಹೇಳಿ ಮಾಡಿಸಿದಂತಿದೆ. ಊರಿನಿಂದ ಊರಿಗೆ ಕೆಲವೇ ಕಿಲೋಮೀಟರ್ ಅಂತರವಿರುವುದರಿಂದ ನೀರು, ಕಾಫಿಗೆ ಕೊರತೆಯಾಗದು. ಆದರೆ ಶನಿವಾರ ಬೆಳಿಗ್ಗೆ ಶಲೋದ ನದಿ ದಂಡೆಯಲ್ಲಿ ಹಳೆಯ ವಸ್ತುಗಳ ಸಂತೆ ನೆರೆಯುವುದರಿಂದ ಆ ಹೊತ್ತಿನಲ್ಲಿ ಕಾರುಗಳ ದಟ್ಟಣೆ ಹೆಚ್ಚು.

ಕೊಲ್ ದೆ ರೇಟ್ಸ್: ಪಾರ್ಸೆಂಟ್‌ನಿಂದ ಸಿವಿ-715 ರಸ್ತೆಯಲ್ಲಿ ಸುಮಾರು ಆರೂವರೆ ಕಿಲೋಮೀಟರ್ ಏರಿದರೆ ಸಮುದ್ರ ಮಟ್ಟದಿಂದ 600 ಮೀಟರ್‌ಗೂ ಹೆಚ್ಚು ಎತ್ತರದ ಈ ಘಟ್ಟದ ನೆತ್ತಿ ಸಿಗುತ್ತದೆ. ಸರಾಸರಿ ಏರು ಶೇಕಡ 5ರಿಂದ 6ರಷ್ಟು ಮಾತ್ರ. ಎಲ್ಲಿಯೂ ಉಸಿರು ಕಟ್ಟಿಸದೆ ಒಂದೇ ಸಮನೆ ಏರುವ ದಾರಿ ಇದಾದ್ದರಿಂದ ವೃತ್ತಿಪರರು ತಮ್ಮ ಶಕ್ತಿಯನ್ನು ಅಳೆದುಕೊಳ್ಳಲು ಇದನ್ನೇ ಆರಿಸಿಕೊಳ್ಳುತ್ತಾರೆ. ನೆತ್ತಿಯಿಂದ ಇಡೀ ಕಣಿವೆ, ಅದರಾಚೆಗೆ ಸಮುದ್ರ ಕಾಣುತ್ತದೆ.

ಹಿನ್ನಾಡಿನ ಸುತ್ತು: ಕೊಲ್ ದೆ ರೇಟ್ಸ್ ದಾಟಿ ಟಾರ್ಬೆನಾಕ್ಕೆ ಇಳಿದು, ಅಲ್ಲಿಂದ ಕಾಸ್ಟೆಲ್ ದೆ ಕಾಸ್ಟೆಲ್ಸ್, ಬೆನಿಜೆಂಬ್ಲಾ ಮೂಲಕ ಪಾರ್ಸೆಂಟ್‌ಗೆ ಮರಳುವ ಸುತ್ತು ನಲವತ್ತು ಕಿಲೋಮೀಟರಿನ ಆಸುಪಾಸಿನದು. ಮೇಲಿನ ಹಾದಿಯುದ್ದಕ್ಕೂ ಗಾರೆ ಬಳಸದೆ ಪೇರಿಸಿದ ಕಲ್ಲಿನ ಕಟ್ಟೆಗಳು, ಪಾಳುಬಿದ್ದ ಹೊಲಗಳು ಜೊತೆಯಾಗುತ್ತವೆ. ಕಾಸ್ಟೆಲ್ ದೆ ಕಾಸ್ಟೆಲ್ಸ್‌ನ ಜನಸಂಖ್ಯೆ ಐನೂರನ್ನೂ ಮುಟ್ಟುವುದಿಲ್ಲ. ದುಡಿಮೆ ಅರಸಿ ಜನ ಕರಾವಳಿಗೆ ವಲಸೆ ಹೋದುದರ ಫಲವೇ ಇಲ್ಲಿನ ರಸ್ತೆಗಳ ಮೌನ. ಇಂತಹ ಊರುಗಳಲ್ಲಿ ಉಪಾಹಾರಕ್ಕೆ ನಿಲ್ಲುವ ಸವಾರರು ಅಲ್ಲಿನ ಕಾಫಿ ಅಂಗಡಿಗಳಿಗೆ ಒಂದು ಆಸರೆಯೇ ಸರಿ.

ಲಗುವಾರ್ ಮತ್ತು ಎಬೊ: ಓರ್ಬಾದಿಂದ ಕಾಂಪೆಲ್, ಫ್ಲೇಶ್ ಗ್ರಾಮಗಳನ್ನು ಹಾದು ಬೆನಿಮೌರೆಲ್‌ಗೆ ಏರುವ ದಾರಿಯಲ್ಲಿ ಹೋದವರು ಅದೇ ದಾರಿಯಲ್ಲಿ ಹಿಂದಿರುಗಬೇಕು, ಹಾಗಾಗಿ ವಾಹನಗಳು ತೀರಾ ಕಡಿಮೆ. ಉತ್ತರಕ್ಕಿರುವ ಪೆಗೊ ಪಟ್ಟಣದಿಂದ ಎಬೊ ಕಣಿವೆಗೆ ಸುಮಾರು ಎಂಟು ಕಿಲೋಮೀಟರಿನ ಮತ್ತೊಂದು ಏರುದಾರಿಯಿದೆ. 2022ರ ಆಗಸ್ಟ್‌ನಲ್ಲಿ ಸಿಡಿಲು ಬಡಿದು ಹೊತ್ತಿಕೊಂಡ ಕಾಳ್ಗಿಚ್ಚು ಇಲ್ಲಿ 11 ಸಾವಿರ ಹೆಕ್ಟೇರ್‌ಗೂ ಹೆಚ್ಚು ಪ್ರದೇಶವನ್ನು ಸುಟ್ಟಿತು. ಬೇಸಿಗೆಯಲ್ಲಿ ಈ ಭಾಗಕ್ಕೆ ಹೊರಡುವ ಮುನ್ನ ಬೆಂಕಿಯ ಮುನ್ನೆಚ್ಚರಿಕೆಗಳನ್ನು ಗಮನಿಸುವುದು ಅಗತ್ಯ.

ಮೌನ ಮುರಿದ ದಿನ

2016ರ ಜನವರಿ 23ರಂದು ಜೈಂಟ್-ಅಲ್ಪೆಸಿನ್ ತಂಡದ ಆರು ಮಂದಿ ಸವಾರರು ಬೆನಿಜೆಂಬ್ಲಾ ಬಳಿ ಅಭ್ಯಾಸದಲ್ಲಿ ತೊಡಗಿದ್ದರು. ರಸ್ತೆಯ ತಪ್ಪು ಬದಿಯಲ್ಲಿ ಎದುರಿನಿಂದ ಬಂದ ಕಾರು ಅವರಿಗೆ ಡಿಕ್ಕಿ ಹೊಡೆಯಿತು. ಕಾರು ಚಲಾಯಿಸುತ್ತಿದ್ದವರು ಎಡಬದಿ ಸಂಚಾರದ ದೇಶವಾದ ಬ್ರಿಟನ್ನಿನ ಪ್ರಜೆ. ಹಿಂದಿನ ವರ್ಷವಷ್ಟೇ ಮಿಲಾನ್-ಸಾನ್ ರೆಮೊ ಹಾಗೂ ಪ್ಯಾರಿಸ್-ರೂಬೆ ಎರಡನ್ನೂ ಗೆದ್ದಿದ್ದ ಜರ್ಮನಿಯ ಜಾನ್ ಡೆಗೆನ್‌ಕೋಲ್ಬ್ ಅವರ ಎಡಗೈ ತೋರುಬೆರಳು ತುಂಡಾಗುವುದರಲ್ಲಿತ್ತು. ಅಮೆರಿಕದ ಚಾಡ್ ಹಾಗಾ ಅವರಿಗೆ ಕುತ್ತಿಗೆ ಹಾಗೂ ಮುಖದ ಮೇಲೆ ಗಂಭೀರ ಗಾಯಗಳಾದವು. ಅದೃಷ್ಟವಶಾತ್ ಪ್ರಾಣಹಾನಿಯಾಗಲಿಲ್ಲ. ಡೆಗೆನ್‌ಕೋಲ್ಬ್ ಚೇತರಿಸಿಕೊಂಡು 2018ರ ಟೂರ್ ದಿ ಫ್ರಾನ್ಸ್‌ನಲ್ಲಿ ರೂಬೆಯಲ್ಲಿ ಕೊನೆಗೊಂಡ ಹಂತವನ್ನು ಗೆದ್ದರು.

ಮರುವರ್ಷ ಕರಾವಳಿಯಲ್ಲಿ ಇದಕ್ಕಿಂತ ಭೀಕರ ದುರಂತ ನಡೆಯಿತು. 2017ರ ಮೇ 7ರಂದು ಒಲಿವಾ ಬಳಿ, ವಾಹನಗಳು ಬಿಡುವಿಲ್ಲದೆ ಓಡುವ ಎನ್-332 ಹೆದ್ದಾರಿಯಲ್ಲಿ, ಪಾನಮತ್ತ ಚಾಲಕಿಯ ಕಾರು ಶಾಬಿಯಾದ ಸೈಕಲ್ ಸವಾರರ ಗುಂಪಿನ ಮೇಲೆ ನುಗ್ಗಿ ಮೂವರು ಮೃತಪಟ್ಟರು. ಇಂತಹ ಸಾಲು ಸಾಲು ಅಪಘಾತಗಳಿಂದ ಎದ್ದ ಜನಾಕ್ರೋಶದ ಪರಿಣಾಮವಾಗಿ, ನಿರ್ಲಕ್ಷ್ಯದ ಚಾಲನೆಗೆ ಹೆಚ್ಚಿನ ಶಿಕ್ಷೆ ವಿಧಿಸುವ ದಂಡಸಂಹಿತೆ ತಿದ್ದುಪಡಿ 2019ರ ಮಾರ್ಚ್‌ನಲ್ಲಿ ಜಾರಿಗೆ ಬಂತು.

ಕಾನೂನು ಹೇಳುವುದೇನು

ಸ್ಪೇನಿನಲ್ಲಿ ಸೈಕಲ್ಲನ್ನು ಹಿಂದಿಕ್ಕುವ ವಾಹನ ಕನಿಷ್ಠ 1.5 ಮೀಟರ್ ಅಂತರ ಬಿಡಬೇಕು. ಸುರಕ್ಷಿತವಾಗಿದ್ದಲ್ಲಿ, ಇದಕ್ಕಾಗಿ ರಸ್ತೆ ಮಧ್ಯದ ಅಖಂಡ ಗೆರೆಯನ್ನು ದಾಟಲೂ ಅವಕಾಶವಿದೆ. 2022ರ ಮಾರ್ಚ್ 21ರಿಂದ ಜಾರಿಯಲ್ಲಿರುವ ನಿಯಮದಂತೆ, ಅಂತರ ಬಿಡದ ಚಾಲಕರ ಪರವಾನಗಿಯಿಂದ ಆರು ಅಂಕಗಳನ್ನು ಕಳೆಯಲಾಗುತ್ತದೆ. ಒಂದೇ ದಿಕ್ಕಿಗೆ ಎರಡು ಅಥವಾ ಹೆಚ್ಚು ಪಥಗಳಿರುವ ರಸ್ತೆಗಳಲ್ಲಿ ವಾಹನವು ಪೂರ್ತಿಯಾಗಿ ಪಕ್ಕದ ಪಥಕ್ಕೆ ಸರಿಯಬೇಕು.

ಸವಾರರಿಗೂ ಕಟ್ಟುಪಾಡುಗಳಿವೆ. ಊರ ಹೊರಗಿನ ರಸ್ತೆಗಳಲ್ಲಿ ಹೆಲ್ಮೆಟ್ ಧರಿಸಬೇಕು. ಇಬ್ಬರು ಅಕ್ಕಪಕ್ಕ ಸಾಗಬಹುದು. ಆದರೆ ಮುಂದಿನದು ಕಾಣದ ತಿರುವುಗಳಲ್ಲಿ ಒಬ್ಬರ ಹಿಂದೊಬ್ಬರು ಹೋಗಬೇಕು. ಮದ್ಯಪಾನದ ಮಿತಿ ಸೈಕಲ್ ಸವಾರರಿಗೂ ಅನ್ವಯಿಸುತ್ತದೆ.

ಭಾರತದಿಂದ ಹೋಗುವವರು ಒಂದು ಸಂಗತಿಯನ್ನು ಮರೆಯಲಾಗದು. ಅಲ್ಲಿ ಸಂಚಾರ ಬಲಬದಿಯಲ್ಲಿ. ಕಾರುಗಳ ನಡುವೆ ಇರುವಾಗ ಇದು ತಾನಾಗಿಯೇ ನೆನಪಿನಲ್ಲಿರುತ್ತದೆ. ಖಾಲಿ ರಸ್ತೆಯಲ್ಲಿ, ಅದರಲ್ಲೂ ಕಾಫಿಗೆ ನಿಂತು ಮತ್ತೆ ಹೊರಟಾಗ, ಹಳೆಯ ಅಭ್ಯಾಸ ಎಡಕ್ಕೆ ಎಳೆಯುತ್ತದೆ. ಬಾಡಿಗೆ ಸೈಕಲ್ ಪಡೆಯುವಾಗ ಯಾವ ಕೈಯ ಬ್ರೇಕ್ ಯಾವ ಗಾಲಿಯದೆಂದು ಪರೀಕ್ಷಿಸಿಕೊಳ್ಳುವುದೂ ಒಳಿತು.

ಯಾವಾಗ, ಹೇಗೆ

ಫೆಬ್ರುವರಿಯಿಂದ ಮೇವರೆಗೆ ಹಾಗೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸವಾರಿಗೆ ಪ್ರಶಸ್ತ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ತೀಕ್ಷ್ಣ. ಮುಂಜಾನೆಯೇ ಹೊರಟು ನಡುಹಗಲಿಗೆ ಮುನ್ನ ಮರಳಬೇಕು. ಜನವರಿ ಕೊನೆಯಿಂದ ಫೆಬ್ರುವರಿಯವರೆಗೆ ಬಾದಾಮಿ ಮರಗಳು ಬಿಳಿ, ನಸುಗೆಂಪು ಹೂ ತಳೆಯುತ್ತವೆ. ಆದರೆ 2017ರಲ್ಲಿ ಈ ಪ್ರಾಂತ್ಯದಲ್ಲಿ ಕಾಣಿಸಿಕೊಂಡ ‘ಕ್ಸೈಲೆಲ್ಲಾ’ ಬ್ಯಾಕ್ಟೀರಿಯಾ ರೋಗವನ್ನು ತಡೆಯಲು ಅಪಾರ ಸಂಖ್ಯೆಯ ಮರಗಳನ್ನು ಕಡಿದುಹಾಕಲಾಗಿದ್ದು, ಹೂವಿನ ಸೊಬಗು ಮೊದಲಿನಷ್ಟಿಲ್ಲ.

ಸಮೀಪದ ವಿಮಾನ ನಿಲ್ದಾಣಗಳು ಅಲಿಕಾಂಟೆ ಮತ್ತು ವಲೆನ್ಸಿಯಾ. ಭಾರತೀಯರಿಗೆ ಷೆಂಗೆನ್ ವೀಸಾ ಅಗತ್ಯ. ಅಲಿಕಾಂಟೆಯಿಂದ ಬೆನಿಡಾರ್ಮ್ ಮಾರ್ಗವಾಗಿ ಡೇನಿಯಾ ಕಡೆಗೆ ಸಾಗುವ ಮೀಟರ್‌ಗೇಜ್ ರೈಲುಮಾರ್ಗದಲ್ಲಿ ಕಾಲ್ಪೆ ಹಾಗೂ ಬೆನಿಸ್ಸಾ ನಿಲ್ದಾಣಗಳಿವೆ. ಬೆನಿಸ್ಸಾದಿಂದ ಶಲೋಕ್ಕೆ ಸಿವಿ-750 ರಸ್ತೆಯಲ್ಲಿ ಹತ್ತು ಕಿಲೋಮೀಟರಿನಷ್ಟು ದಾರಿ. ಮಾರ್ಗಸೂಚಿ ಫಲಕಗಳಲ್ಲಿ ವಲೆನ್ಸಿಯನ್ ಹೆಸರುಗಳೇ ಹೆಚ್ಚಾಗಿರುವುದರಿಂದ ಹಲೋನ್-ಶಲೋ, ಕಾಲ್ಪೆ-ಕಾಲ್ಪ್, ಹಾವಿಯಾ-ಶಾಬಿಯಾ ಎಂಬ ಜೋಡಿ ಹೆಸರುಗಳನ್ನು ತಿಳಿದಿದ್ದರೆ ದಾರಿ ತಪ್ಪದು. ಕಾಸ್ಟೆಲ್ ದೆ ಕಾಸ್ಟೆಲ್ಸ್ ಸುತ್ತಿಗೆ ಹೊರಡುವವರು ಪಾರ್ಸೆಂಟ್‌ನಲ್ಲಿಯೇ ನೀರಿನ ಬಾಟಲಿ ತುಂಬಿಕೊಳ್ಳುವುದು ವಾಡಿಕೆ. ಮುಂದಿನ ಊರುಗಳ ನಡುವೆ ಅಂಗಡಿಗಳು ವಿರಳ.