ಓಲೆಯ ಗುರುತು, ಅಚ್ಚಿನ ಪುಟ

ಯಳಂದೂರೆಂದೊಡನೆ ಗೌರೀಶ್ವರ ದೇವಾಲಯದ ಬಳೆಮಂಟಪವೂ ಅದರ ಕಲ್ಲಿನ ಬಳೆಗಳೂ ಹಲವರಿಗೆ ನೆನಪಾಗುತ್ತವೆ. ಕಾವ್ಯವನ್ನು ಓದುವವರಿಗಾದರೋ ಇಬ್ಬರು ಕವಿಗಳು ನೆನಪಾಗಬೇಕು. ಒಬ್ಬಳು, ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಅರಮನೆಯಲ್ಲಿ ರಾಣಿಯವರ ಎಲೆಯಡಿಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮ. 'ಹದಿಬದೆಯ ಧರ್ಮ'ವನ್ನು ಸಾಂಗತ್ಯದಲ್ಲಿ ರಚಿಸಿದವಳು. ಇನ್ನೊಬ್ಬನು, ಇಲ್ಲಿಯ ಮಠದಲ್ಲಿದ್ದು ಹದಿನೇಳನೆಯ ಶತಮಾನದ ನಡುವೆ 'ರಾಜಶೇಖರ ವಿಲಾಸ'ವೆಂಬ ಚಂಪೂಕಾವ್ಯವನ್ನು ಬರೆದ ಷಡಕ್ಷರದೇವ. ಇಂದು ಇವರ ಗ್ರಂಥಗಳನ್ನು ತೆರೆದರೆ ಪದ್ಯ ಬೇರೆ, ಗದ್ಯ ಬೇರೆ, ಪಾದಕ್ಕೊಂದು ಸಾಲು, ಪದ್ಯಕ್ಕೊಂದು ಅಂಕಿ ಎಲ್ಲವೂ ಕಣ್ಣಿಗೆ ಹಿತವಾಗಿ ಕಾಣುತ್ತವೆ. ತಾಳೆಯೋಲೆಯಲ್ಲಿ ಹೀಗೆ ಇರಲಿಲ್ಲ. ಅಲ್ಲಿ ಇದ್ದುದೇನು, ಅದು ಈ ಪುಟವಾದುದು ಹೇಗೆ ಎಂಬುದೇ ಈ ಬರಹದ ವಿಷಯ.

ಓಲೆಗರಿ ಉದ್ದ, ಅಗಲ ಕಡಿಮೆ. ಕಂಟದಿಂದ ಕೊರೆದು ಮಸಿ ತೀಡಿದರೆ ಅಕ್ಷರ ಮೇಲೇಳುತ್ತದೆ. ಗರಿ ಸುಲಭವಾಗಿ ಸಿಗುವ ವಸ್ತುವಲ್ಲ. ಹದಮಾಡಿ ಕತ್ತರಿಸಿ ಅಣಿಗೊಳಿಸಬೇಕು. ಆದುದರಿಂದ ಲಿಪಿಕಾರನು ತೆರಪನ್ನು ವ್ಯರ್ಥಮಾಡುವುದಿಲ್ಲ. ಪದ ಪದಗಳ ನಡುವೆ ಜಾಗವಿಲ್ಲ. ಪದ್ಯ ಮುಗಿದರೆ ಹೊಸ ಸಾಲಿಲ್ಲ. ದಾರದ ರಂಧ್ರವನ್ನು ಬಿಟ್ಟು ಒಂದಂಚಿನಿಂದ ಇನ್ನೊಂದಂಚಿಗೆ ಒಂದೇ ಓಟ. ಹಾಗಾದರೆ ಓದುವವನಿಗೆ ದಾರಿ ತೋರಿಸುವುದು ಯಾವುದು? ಚಿಕ್ಕ ಚಿಕ್ಕ ಗುರುತುಗಳು. 'ಕಂ' ಎಂದರೆ ಮುಂದಿನದು ಕಂದ. 'ವ' ಎಂದರೆ ವಚನ, ಅಂದರೆ ಗದ್ಯ. 'ಚಂ' ಎಂದರೆ ಚಂಪಕಮಾಲೆ, 'ಉ' ಎಂದರೆ ಉತ್ಪಲಮಾಲೆ. ನಿಲುಗಡೆಗೆ ಒಂದು ಗೀಟು, ಮುಗಿವಿಗೆ ಎರಡು ಗೀಟು. ಆಶ್ವಾಸ ಮುಗಿಯಿತೆಂದು ಹೇಳಲು ಕವಿಯ ಬಿರುದುಗಳಿಂದ ಕೂಡಿದ ಗದ್ಯ. ಈ ಗುರುತುಗಳು ಕಾವ್ಯದ ಮಾತಲ್ಲ, ಕಾವ್ಯವನ್ನು ಕುರಿತ ಮಾತು. ಅವನ್ನು ಯಾರೂ ರಾಗವಾಗಿ ಓದುವುದಿಲ್ಲ; ಆದರೆ ಅವುಗಳ ಅಪ್ಪಣೆಯಂತೆ ಧ್ವನಿಯನ್ನು ಬದಲಿಸುತ್ತಾರೆ.

ಗುರುತು ಅಳಿಸಿದ್ದರೆ, ಹುಳು ತಿಂದಿದ್ದರೆ? ಆಗ ಛಂದಸ್ಸೇ ಗತಿ. ಕಂದಪದ್ಯಕ್ಕೆ ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು, ಒಟ್ಟು ೬೪ ಮಾತ್ರೆ. ಭಾಮಿನಿ ಷಟ್ಪದಿಗೆ ಹದಿನಾಲ್ಕರ ನಾಲ್ಕು ಪಾದ, ಇಪ್ಪತ್ತಮೂರರ ಎರಡು ಪಾದ, ಒಟ್ಟು ೧೦೨. ಎಣಿಸುತ್ತ ಹೋದರೆ ಪದ್ಯ ತಾನಾಗಿಯೇ ಕಳಚಿಕೊಳ್ಳುತ್ತದೆ. ಇದಕ್ಕೂ ಹತ್ತಿರದ ದಾರಿ ಆದಿಪ್ರಾಸ. ಪಾದದ ಎರಡನೆಯ ಅಕ್ಷರದ ವ್ಯಂಜನ ಪ್ರತಿ ಪಾದದಲ್ಲಿಯೂ ಮರಳಿ ಬರಬೇಕೆಂಬುದು ನಿಯಮ. ಪ್ರಾಸ ಕವಿಗೆ ಬೇಡಿಯೆಂದು ಹೊಸಗನ್ನಡದವರು ಅದನ್ನು ಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಇರಬಹುದು. ಆದರೆ ಸಾಲು ಮುರಿಯದ ಗರಿಯಲ್ಲಿ ಪಾದ ಎಲ್ಲಿ ಆರಂಭವಾಯಿತೆಂದು ಬೆರಳಿಟ್ಟು ತೋರಿಸುತ್ತಿದ್ದುದು ಅದೇ ಪ್ರಾಸ! ಶರಣರ ವಚನಗಳಿಗೆ ಮಾತ್ರೆಯ ಕಟ್ಟೂ ಇಲ್ಲ, ಪ್ರಾಸದ ನಿಯಮವೂ ಇಲ್ಲ. ಅಲ್ಲಿ ಅಂಕಿತವೇ ಗುರುತು. ಅಂಕಿತ ಬಂದಿತೆಂದರೆ ವಚನ ಮುಗಿಯಿತು. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ವು ೧೯೨೩ರಲ್ಲಿ ಹೊರಬಂದಿತು. ಇಂದು ಅಚ್ಚಿನಲ್ಲಿ ವಚನವನ್ನು ಕವಿತೆಯ ಹಾಗೆ ಸಾಲು ಮುರಿದು ಕಾಣಿಸುವುದು ವಾಡಿಕೆಯಾಗಿದೆ. ಆ ಮುರಿತ ಬಹುಪಾಲು ಸಂಪಾದಕರದು, ಶರಣರದಲ್ಲ. ಓದುವಾಗ ಇದನ್ನು ಮರೆಯಬಾರದು.

ಪದ್ಯವನ್ನು ಬಿಡಿಸಿದ ಮೇಲೆ ಪದವನ್ನು ಬಿಡಿಸಬೇಕು. ನಿಜವಾದ ಕಷ್ಟ ಇಲ್ಲಿದೆ. 'ಕಾಡಿನಲಿನಡೆದಾನೆ' ಎಂದು ಗರಿಯಲ್ಲಿದ್ದರೆ ನಡೆದ ಆನೆಯೋ, ಯಾವನೋ ನಡೆದಾನು ಎಂಬ ಮಾತೋ? ನಮ್ಮ ಹನೂರಿನ ಕಡೆಯವರು ಎರಡನೆಯ ಯೋಚನೆಯಿಲ್ಲದೆ ಆನೆಯೆಂದೇ ಹೇಳುತ್ತಾರೆ; ಪಂಡಿತನು ಮಾತ್ರ ಹಿಂದುಮುಂದಿನ ಪದ್ಯಗಳನ್ನು ನೋಡಬೇಕು. ಹಳೆಯ ಬರವಣಿಗೆಯಲ್ಲಿ ಹ್ರಸ್ವ ಎಕಾರ ಒಕಾರಗಳಿಗೂ ದೀರ್ಘಗಳಿಗೂ ಅನೇಕ ವೇಳೆ ಭೇದವಿರಲಿಲ್ಲ. ಕೆರೆಯೂ ಕೇರೆಯೂ ಒಂದೇ ರೂಪ. ನೀರಿರುವುದೋ ಹಾವಿರುವುದೋ ಎಂಬುದನ್ನು ಮಾತ್ರಾಗಣವೇ ತೀರ್ಮಾನಿಸಬೇಕು. ಸಂಪಾದಕನು ಒಂದೆಡೆ ತಪ್ಪಿ ತೆರಪು ಕೊಟ್ಟನೆಂದರೆ ಕವಿ ಹೇಳದ ಮಾತನ್ನು ಕವಿಯ ಬಾಯಲ್ಲಿ ಇಟ್ಟ ಹಾಗೆ. ಗರಿ ಒಂದು ಮನೆಯ ಸೊತ್ತು. ಅಚ್ಚಾದ ತಪ್ಪಾದರೋ ಸಾವಿರ ಮನೆಗೆ ಹೋಗುತ್ತದೆ.

ಈ ಕೆಲಸವನ್ನು ಮೈಸೂರಿನವರು ಬಹಳ ಶ್ರದ್ಧೆಯಿಂದ ಮಾಡಿದರು. ೧೮೯೧ರಲ್ಲಿ ಓರಿಯೆಂಟಲ್ ಲೈಬ್ರರಿ ಆರಂಭವಾಯಿತು. ಮರುವರ್ಷವೇ ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ 'ಕರ್ಣಾಟಕ ಕಾವ್ಯಮಂಜರಿ'ಯನ್ನು ಹೊರಡಿಸಿ ಹಳೆಯ ಕಾವ್ಯಗಳನ್ನು ಅಚ್ಚಿಗೆ ತಂದರು. ಪಂಡಿತನು ಗರಿಯಿಂದ ಕಾಗದಕ್ಕೆ ನಕಲು ಮಾಡುವನು. ಬೇರೆ ಪ್ರತಿಗಳೊಡನೆ ಒಪ್ಪಿಸಿ ನೋಡುವನು. ಮೊಳೆ ಜೋಡಿಸುವವನು ಆ ನಕಲನ್ನು ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ, ಒತ್ತಿಗೆ ಒತ್ತು ಕೂಡಿಸುವನು. ಬಳಿಕ ಕರಡಚ್ಚು, ತಿದ್ದುಪಡಿ, ಮತ್ತೆ ಕರಡಚ್ಚು. ಓಲೆಯ 'ಕಂ', 'ವ'ಗಳು ಅಚ್ಚಿನಲ್ಲಿಯೂ ಉಳಿದವು. ಸಾಲು ಬೇರೆಯಾದ ಮೇಲೆ ಅವುಗಳ ಅಗತ್ಯ ಕಡಿಮೆಯಾಯಿತಾದರೂ ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ.

ನಮ್ಮ ಮೂರು ಊರುಗಳಿಗೆ ಈ ಭಾಗ್ಯ ಒಂದೇ ಸಮನಾಗಿ ದೊರೆಯಲಿಲ್ಲ. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು, ಮೈಸೂರು ಸೀಮೆಗೆ ಸೇರಿದುದು. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ನಾಲ್ಕನೆಯ ಸಂಪುಟದಲ್ಲಿ, ೧೮೯೮ರಲ್ಲಿಯೇ, ಅಲ್ಲಿಯ ಶಾಸನಗಳು ಅಚ್ಚಾದವು. ಕೊಳ್ಳೇಗಾಲವೂ ಅದರೊಳಗಿದ್ದ ಹನೂರೂ ಆಗ ಮದರಾಸಿನ ಕೊಯಮತ್ತೂರು ಜಿಲ್ಲೆಯವು. ಮೈಸೂರಿಗೆ ಸೇರಿದುದು ೧೯೫೬ರ ನವೆಂಬರ್ ೧ರಂದು. ನಡುವೆ ಹರಿದಾರಿಗಳ ಅಂತರವಷ್ಟೆ. ಆದರೆ ಎರಡು ಊರುಗಳ ಶಾಸನಗಳೂ ಒಂದೇ ಸಂಪುಟದಲ್ಲಿ ಕೂಡಿಬಂದುದು ಮೈಸೂರು ವಿಶ್ವವಿದ್ಯಾನಿಲಯದ ೧೯೭೫ರ ಪರಿಷ್ಕೃತ ಆವೃತ್ತಿಯಲ್ಲಿ. ಕಲ್ಲಿನ ಪಾಠವನ್ನು ಅಚ್ಚುಮಾಡುವ ರೀತಿ ಬೇರೆ. ಅಲ್ಲಿ ಕಲ್ಲಿನ ಸಾಲು ಎಲ್ಲಿ ಮುರಿಯಿತೋ ಅಲ್ಲಿಯೇ ಮುರಿದು ಅಂಕಿ ಕೊಡುತ್ತಾರೆ. ಒಡೆದ ಜಾಗಕ್ಕೆ ಚುಕ್ಕೆ ಇಡುತ್ತಾರೆ. ಓಲೆಯ ಸಾಲು ಕೇವಲ ಗರಿಯ ಅಳತೆಯಾದುದರಿಂದ ಅದನ್ನು ಯಾರೂ ಉಳಿಸಿಕೊಳ್ಳುವುದಿಲ್ಲ.

ಇಂದಿನ ಗಣಕಯಂತ್ರದಲ್ಲಿಯೂ ಇದೇ ಕಥೆ ಮತ್ತೊಮ್ಮೆ ನಡೆಯುತ್ತಿದೆ ಎಂದರೆ ನೀವು ನಗಬಹುದು. ಅಮೆರಿಕದ ಡೊನಾಲ್ಡ್ ನೂತ್ ಎಂಬ ಗಣಿತಜ್ಞರು ತಮ್ಮ ಪುಸ್ತಕದ ಕರಡಚ್ಚು ಅಂದಗೆಟ್ಟುದನ್ನು ಕಂಡು ಬೇಸತ್ತು, ೧೯೭೮ರಲ್ಲಿ ಟೆಕ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ರೂಪಿಸಿದರು. ೨೦೦೪ರಲ್ಲಿ ಬಂದ ಮಾರ್ಕ್‌ಡೌನ್ ಎಂಬ ಪದ್ಧತಿಯಲ್ಲಿ ಬರಿಯ ಅಕ್ಷರಗಳ ನಡುವೆ ಕೆಲವು ಗುರುತುಗಳನ್ನಿಟ್ಟರೆ ಸಾಕು: ಸಾಲಿನ ಮೊದಲಿಗೆ ಹ್ಯಾಷ್ ಎಂದರೆ ಶೀರ್ಷಿಕೆ, ಪದದ ಎರಡು ಪಕ್ಕದಲ್ಲಿ ಜೋಡಿ ನಕ್ಷತ್ರವೆಂದರೆ ದಪ್ಪಕ್ಷರ, ಒಂದು ಖಾಲಿ ಸಾಲೆಂದರೆ ಹೊಸ ಪರಿಚ್ಛೇದ. ೨೦೦೬ರ ಪ್ಯಾಂಡಾಕ್ ಎಂಬ ತಂತ್ರಾಂಶವು ಈ ಗುರುತುಗಳನ್ನು ಓದಿ, ಟೆಕ್ಕಿನ ನೆರವಿನಿಂದ, ಅಚ್ಚಿಗೆ ಸಿದ್ಧವಾದ ಪುಟಗಳನ್ನು ಕೊಡುತ್ತದೆ. ಲಿಪಿಕಾರನ 'ಕಂ', 'ವ'ಗಳಿಗೂ ಇದಕ್ಕೂ ವರಸೆಯಲ್ಲಿ ಭೇದವಿಲ್ಲ.

ಕನ್ನಡಕ್ಕೆ ಇಲ್ಲಿ ಎರಡು ತೊಡಕುಗಳುಂಟು. ಟೆಕ್ಕಿನ ಹಳೆಯ ಯಂತ್ರಕ್ಕೆ ನಮ್ಮ ಒತ್ತಕ್ಷರಗಳು ತಿಳಿಯವು. ೨೦೦೪ರ ಝೀಟೆಕ್‌ನಂತಹುದನ್ನು ಬಳಸಿ, ಕನ್ನಡದ ಅಕ್ಷರರೂಪವೊಂದನ್ನು ಹೆಸರಿಸಿ ಹೇಳಬೇಕು. ಎರಡನೆಯದು ಇನ್ನೂ ಸ್ವಾರಸ್ಯವಾದುದು. ನಮ್ಮ ಶಾಲೆಯ ಹುಡುಗಿಯೊಬ್ಬಳು ಒಂದು ಸಾಂಗತ್ಯವನ್ನು ಪಾದಕ್ಕೊಂದು ಸಾಲಿನಂತೆ ಟೈಪು ಮಾಡಿಕೊಂಡು ಬಂದು ಪುಟವನ್ನು ತೆಗೆದಳು. ನಾಲ್ಕು ಪಾದಗಳೂ ಕೂಡಿಕೊಂಡು ಒಂದೇ ಗದ್ಯವಾಗಿ ಹರಿದಿದ್ದವು. ಆ ಪದ್ಧತಿಯಲ್ಲಿ ಸಾಲು ಮುರಿದ ಮಾತ್ರಕ್ಕೆ ಸಾಲಾಗುವುದಿಲ್ಲ. ಯಂತ್ರವು ಅವನ್ನೆಲ್ಲ ಸೇರಿಸಿಬಿಡುತ್ತದೆ. ಥೇಟು ಓಲೆಗರಿಯೇ! "ಮೇಷ್ಟ್ರೇ, ನಾನು ಸರಿಯಾಗಿಯೇ ಮುರಿದಿದ್ದೆ" ಎಂದಳು. ಪ್ಯಾಂಡಾಕ್‌ನಲ್ಲಿ ಇದಕ್ಕೆ ಉಪಾಯವೊಂದಿದೆ: ಪ್ರತಿ ಪಾದದ ಮೊದಲಿಗೆ ಒಂದು ನಿಲುವುಗೀಟನ್ನು ಎಳೆದು, ಒಂದಿಷ್ಟು ತೆರಪು ಬಿಡುವುದು. ನಮ್ಮ ಲಿಪಿಕಾರನು ನಿಲುಗಡೆಗೆ ಇಡುತ್ತಿದ್ದ ಗೀಟೇ ಪಾದದ ಕೊನೆಯಿಂದ ಮೊದಲಿಗೆ ಬಂದು ನಿಂತಿದೆ, ಅಷ್ಟೆ. ನಾಲ್ಕು ಗೀಟುಗಳನ್ನಿಟ್ಟು ಅವಳು ಮತ್ತೆ ಪುಟವನ್ನು ತೆಗೆದಳು; ಉದ್ದ, ಗಿಡ್ಡ, ಉದ್ದ, ಗಿಡ್ಡವಾಗಿ ಪಾದಗಳು ನಿಂತವು, ಪ್ರಾಸಾಕ್ಷರಗಳು ಒಂದರ ಕೆಳಗೊಂದು ಕಂಬದಂತೆ ಇಳಿದಿದ್ದವು.